ಎಲೆಕ್ಟ್ರಾನಿಗೆ ಕಣ್ಣು ಬರೆದ ಅಕ್ಕನಿಗೆ

ಅಕ್ಕ ತೊಮೊಯೆ,

ಪೆಟ್ಟಿಗೆಯಲ್ಲಿ ಒಂದೊಂದೇ ಚಿತ್ರ ಸರಿಸುತ್ತಾ ನಾನು ಹೇಳುವ ಕಾಮಿಶಿಬಾಯ್ ಕಥೆಗೆ ನೀನು ಕಳಿಸಿದ ಚಿತ್ರದ ಹಾಳೆಗಳು ಬಂದವು. ನಿನ್ನ ಕೈಗೆ ದೊಡ್ಡ ನಮಸ್ಕಾರ. ಎಲೆಕ್ಟ್ರಾನಿಗೆ ಮತ್ತೆ ಕಣ್ಣು ಬರೆದಿದ್ದೀಯ! ಈ ಸಲ ಕೆನ್ನೆಗೆ ಕೆಂಪು ಬೇರೆ.

ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಎಲೆಕ್ಟ್ರಾನು ಇಲ್ಲಿಂದ ಹೊರಟಿತು, ಬರೆ. ಎದುರಿನ ಗೋಡೆಗೆ ತಾಗಿ ಚುಕ್ಕಿಯಾಯಿತು, ಬರೆ. ನಡುವಿನ ಫಲಕದಲ್ಲಿ ಎರಡು ಸೀಳುಗಳಿವೆ. ಯಾವುದರಿಂದ ಹೋಯಿತೆಂದು ಯಾರೂ ನೋಡದಿದ್ದಾಗ ಮಾತ್ರ ಇಂಥ ಸಾವಿರಾರು ಚುಕ್ಕಿಗಳು ಸೇರಿ ಪಟ್ಟೆಪಟ್ಟೆಯಾಗುತ್ತವೆ. ಅದಕ್ಕೇ ನಡುವಿನ ಹಾಳೆಯನ್ನು ಖಾಲಿ ಬಿಡು ಎಂದೆ. ನೀನು ಫೋನಿನಲ್ಲಿ ಏನೆಂದೆ? "ಖಾಲಿ ಹಾಳೆ ತೋರ್ಸಿದ್ರೆ ಮಕ್ಕಳು ಎದ್ದು ಹೋಗ್ತಾವೆ ಕಣೋ ಇಸಾಮು. ನಿಂಗೆ ಮೀಸೆ ಬರೋಕ್ ಮುಂಚಿಂದ ಬರೀತಿದ್ದೀನಿ, ನಂಗೆ ಹೇಳ್ಕೊಡ್ಬೇಡ." ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ನಿನ್ನ ಎಲೆಕ್ಟ್ರಾನು ಎಡಗಡೆಯ ಸೀಳಿನಿಂದ ನಗುನಗುತ್ತಾ ಹೊರಬಂದಿದೆ. ಕೈ ಬೇರೆ ಬೀಸುತ್ತಿದೆ.

ಇತ್ತ ವಿಜ್ಞಾನ ಭವನದ ಮೇಲ್ವಿಚಾರಕ ಶಿಗೆತ ಸಾನ್ ಕಡ್ಡಿ ಮುರಿದಂತೆ ಹೇಳಿದ್ದರು: "ಮೇಷ್ಟ್ರೇ, ಹೋದ್ಸಲ ಮಕ್ಕಳು 'ಎಷ್ಟ್ ಮುದ್ದಾಗಿದೆ' ಅಂದು ಎದ್ದು ಹೋದ್ರು. ಈ ಸಲಾನೂ ಯಾರೂ ಏನೂ ಕೇಳ್ಲಿಲ್ಲ ಅಂದ್ರೆ, ನಿಮ್ಮ ಭಾನುವಾರದ ಕಥೆ ಹೊತ್ತನ್ನ ರೋಬೋಟ್ ಆಟಕ್ಕೆ ಕೊಟ್ಬಿಡ್ತೀನಿ."

ನಿನ್ನೆ ಕಥೆ ಹೇಳುತ್ತಾ ಆ ಕೈಬೀಸುವ ಎಲೆಕ್ಟ್ರಾನಿನ ಹಾಳೆ ಬರುವ ಹೊತ್ತಿಗೆ ನನಗೆ ತಲೆ ಕೆಟ್ಟಿತು. ಚಿತ್ರದ ಪೆಟ್ಟಿಗೆಯ ಬಾಗಿಲುಗಳನ್ನು ಪಟಪಟನೆ ಮುಚ್ಚಿದೆ. ಮಕ್ಕಳು "ತೆಗೀರಿ, ತೆಗೀರಿ" ಎಂದು ಕೂಗುತ್ತಿದ್ದಂತೆ ನಿನ್ನ ಹಾಳೆಯನ್ನು ಪಕ್ಕದಿಂದ ಎಳೆದು ಹಿಂದಕ್ಕೆ ಸೇರಿಸಿ, ಮತ್ತೆ ತೆರೆದೆ. ಈಗ ಕಾಣುವ ಹಾಳೆಯಲ್ಲಿ ಎದುರಿನ ಗೋಡೆಯ ಮೇಲೆ ಬರೀ ಪಟ್ಟೆಗಳು. ಎಲ್ಲರೂ ಕತ್ತು ಚಾಚಿ ನೋಡಿದರು.

ಆದರೆ ಪ್ರಶ್ನೆ ಮಾತ್ರ ಬರಲಿಲ್ಲ. ಶಿಗೆತ ಸಾನ್ ಆಗಲೇ ಗಡಿಯಾರ ನೋಡುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನ ಕಾಹೋ ಎಂಬ ಹುಡುಗಿ ಪೆಟ್ಟಿಗೆಯ ಹಿಂದೆ ನುಗ್ಗಿ ನಿನ್ನ ಹಾಳೆಯನ್ನು ಎಳೆದೇಬಿಟ್ಟಳು. ಮುಗಿಯಿತು ಕಥೆ, ಇವಳೂ ಮುದ್ದಾಗಿದೆ ಅನ್ನುತ್ತಾಳೆ ಎಂದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು: "ಬಾಗ್ಲು ಮುಚ್ಚಿತ್ತಲ್ಲ, ಇದನ್ನ ಬರೆದೋರು ಒಳಗೆ ಹೋಗಿ ನೋಡಿದ್ರಾ?"

ಇಲ್ಲಮ್ಮ ಎಂದೆ.

"ಮತ್ತೆ ಎಡಗಡೆಯಿಂದಾನೇ ಬಂತು ಅಂತ ಅವ್ರಿಗೆ ಹೆಂಗೆ ಗೊತ್ತಾಯ್ತು?"

ಮುಂದಿನ ಭಾನುವಾರವೂ ನಮಗೇ ಸಿಕ್ಕಿದೆ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ ಅಕ್ಕ. ನಾನು ಕೇಳಿದ ಖಾಲಿ ಹಾಳೆಯನ್ನೇ ನೀನು ಕಳಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ ಎಂಬುದು ಇನ್ನಷ್ಟು ಸಿಟ್ಟು ತರಿಸುತ್ತಿದೆ. ಬರೆದವರನ್ನೇ ಕರೆದು ತರುತ್ತೇನೆ, ಅವರನ್ನೇ ಕೇಳು ಎಂದು ಕಾಹೋಗೆ ಮಾತು ಕೊಟ್ಟಿದ್ದೇನೆ. ಬಾ. ಬಂದು ಆ ಮಗುವಿನ ಮುಖ ನೋಡಿ ಉತ್ತರ ಹೇಳು.

ನಿನ್ನ ಕುಂಚ ನೂರು ವರ್ಷ ಬಾಳಲಿ. ಕಣ್ಣು ಬರೆಯುವ ಚಟ ಮಾತ್ರ ಇವತ್ತೇ ಸಾಯಲಿ.

ದಾರಿ ಕಾಯುತ್ತಿರುವ ತಮ್ಮ,
ಇಸಾಮು
ತೊಯಾಮ