ಪಟ್ಟಿಯ ಕೆಳಗಿನ ಸಾಲು

ಪ್ರೀತಿಯ ಅಕ್ಕಾ,

ನೀನು ಬಸ್ಸಿನಿಂದ ಇಳಿದ ಕೂಡಲೇ ಇದನ್ನು ಕೈಗಿಡುತ್ತೇನೆ. ಮನೆಗೆ ಹೆಜ್ಜೆ ಹಾಕುವ ಮುಂಚೆ ಅಲ್ಲೇ ನಿಂತು ಓದು. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ನಿನ್ನ ದನಿಯನ್ನು ನಾನು ಅಳಿಸಿಬಿಟ್ಟೆ.

ಆಸ್ಪತ್ರೆಗೆ ತಪಾಸಣೆಗೆ ಹೊರಡುವಾಗ ಚೀಟಿ ಬರೆದಿಟ್ಟಿದ್ದೆಯಲ್ಲ. "ಕಂಪೈಲರ್ ಹಾಕಿಡು, ಒಂದೇ ಸಾಲಿನ ಆಜ್ಞೆ. ಅದು ತೋರಿಸೋ ಪಟ್ಟಿ ಪೂರ್ತಿ ಓದಿ ಆಮೇಲೆ ಹೌದು ಅನ್ನು." ನೀನು ಟೈಪ್ ಮಾಡಿದ್ದನ್ನು ನಿನ್ನ ದನಿಯಲ್ಲೇ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಈಚೆಗೆ ತಡವರಿಸುತ್ತಿತ್ತು. ನೀನೇ ಅದನ್ನು ತಿದ್ದಿ ಬರೆದಿದ್ದೆ. ಬರೆದದ್ದು ಓಡಬೇಕಾದರೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೇಕಿತ್ತು. ನನ್ನ ಪಾಲಿನ ಕೆಲಸ ಇಷ್ಟೇ.

ಅಳತೆ ಎರಡು ಸಲ ನೋಡದೆ ಬಟ್ಟೆಗೆ ಕತ್ತರಿ ಹಾಕದ ದರ್ಜಿ ನಾನು. ಆದರೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ. ಪಟ್ಟಿಯ ಮೇಲ್ಭಾಗ ಓದಿದೆ, ಇವು ಇವು ಹೊಸದಾಗಿ ಬರುತ್ತವೆ ಎಂದಿತ್ತು. ಬರಲಿ ಬಿಡು ಎಂದು ಹೌದು ಒತ್ತಿದೆ. ಕೆಳಗೆ ಇನ್ನೊಂದು ಸಾಲಿತ್ತು, ಇವನ್ನು ತೆಗೆದುಹಾಕಲಾಗುವುದು ಎಂದು. ಹೊಸ ಕಂಪೈಲರಿಗೂ ನೀನು ಕಟ್ಟಿದ ಹಳೆಯ ಪ್ಯಾಕೇಜಿಗೂ, ಅಂದರೆ ಆ ಕಡತಗಳ ಗಂಟಿಗೂ, ಹೊಂದಿಕೆಯಾಗಲಿಲ್ಲವಂತೆ. ನಿನ್ನ ದನಿ ಇದ್ದದ್ದು ಅದರೊಳಗೇ.

ನಿನ್ನ ಮಾತು ನಿಲ್ಲಿಸಿದ ಗಂಟಲಿನ ಆಪರೇಷನ್ನಿಗೆ ಮುಂಚೆ ಮೂರು ವಾರ, ಕಿಟಕಿಗೆ ಕಂಬಳಿ ಬಿಗಿದು, ನೀನು ಸಾವಿರದ ಆರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿದೆ. ಪಕ್ಕದಲ್ಲಿ ಕೂತು ಹಾಳೆ ತಿರುವಿದವನು ನಾನು. ಕೊನೆಗೆ ನನ್ನನ್ನು ಬಯ್ಯಲೆಂದೇ ಹತ್ತು ವಾಕ್ಯ ಸೇರಿಸಿದೆ. "ನಿನ್ ತಲೇಲಿ ಮೆದುಳಿದ್ಯೋ ಮಣ್ಣಿದ್ಯೋ" ಅನ್ನುವಾಗ ನಗು ತಡೆಯಲಾರದೆ ನಾಲ್ಕು ಸಲ ಓದಬೇಕಾಯಿತು. ಇನ್ನೊಂದು ಪ್ರತಿಯಿದ್ದ ಡಿಸ್ಕ್ ಕೆಟ್ಟು ತಿಂಗಳಾಯಿತು. ಹೊಸದು ತಾ ಎಂದಾಗಲೆಲ್ಲ ನಾಳೆ ನಾಳೆ ಎಂದವನೂ ನಾನೇ.

ಗಾಬರಿಯಲ್ಲಿ ಮತ್ತೊಂದು ತಪ್ಪು ಮಾಡಿದೆ. ನೀನು ಮಾಡುವುದನ್ನು ನೂರು ಸಲ ನೋಡಿದ್ದೆನಲ್ಲ, ನೀನು ತಿದ್ದಿ ಬರೆದಿದ್ದ ಪ್ರೋಗ್ರಾಮನ್ನು ಕಂಪೈಲರಿಗೆ ಕೊಟ್ಟು ನಾನೇ ಕಟ್ಟಿದೆ. ದನಿ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು ಎಂಬ ಆಸೆ. ಪ್ರೋಗ್ರಾಂ ಓಡಿತು. "ಅಮ್ಮಾ, ಬಂದೆ" ಎಂದು ಟೈಪ್ ಮಾಡಿದೆ. ಯಂತ್ರದೊಳಗಿಂದ ಯಾವನೋ ಗಂಡಸು ಅದನ್ನು ಹೇಳಿದ.

ಒಳಗಿನಿಂದ ಅಮ್ಮ, "ಯಾರೋ ಬಂದಿದಾರಲ್ಲೋ, ಕೂರೋಕೆ ಹೇಳು" ಎಂದಳು.

ರಿಪೇರಿಯವನಿಗೆ ಫೋನ್ ಮಾಡಿದೆ. "ಅಳಿಸಿದ್ಮೇಲೆ ಏನಾದ್ರೂ ಹಾಕಿದ್ರಾ?" ಎಂದು ಕೇಳಿದ. ಹಾಕಿದೆ ಎಂದೆ. "ಹಾಗಾದ್ರೆ ಅದ್ರ ಮೇಲೇ ಬರ್ದಿರಬಹುದು. ಈಗ್ಲೇ ಆಫ್ ಮಾಡಿ, ಮುಟ್ಬೇಡಿ. ಉಳಿದಿದ್ರೆ ನಿಮ್ಮ ಪುಣ್ಯ." ಸಂಜೆ ಬರುತ್ತಾನೆ. ಅಷ್ಟರವರೆಗೆ ಆ ಕೋಣೆಗೆ ಚಿಲಕ ಹಾಕಿದ್ದೇನೆ, ಯಂತ್ರಕ್ಕಲ್ಲ, ನನಗೆ ಹೆದರಿ.

ಬಯ್ಯುವುದಾದರೆ ಬಯ್ಯಿ, ಕಾಗದದಲ್ಲಾದರೂ ಸರಿ. ನನಗೆ ಈಗ ಅದರ ಭಯವಲ್ಲ. ಕಣ್ಣು ಕಾಣದ ಅಮ್ಮನಿಗೆ ನೀನೆಂದರೆ ಆ ದನಿ. ನಾನಿನ್ನೂ ಹೇಳಿಲ್ಲ. ಊಟದ ಹೊತ್ತಿನಿಂದ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ತಟ್ಟೆ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದಳು. "ಅವಳು ಬಂದು ಅಮ್ಮಾ ಅನ್ಲಿ, ಆಮೇಲೆ ಉಣ್ತೀನಿ."

ಡಾಕ್ಟರು ಒಳ್ಳೆಯದನ್ನೇ ಹೇಳಿರಲಿ. ನೀನು ನೂರು ಕಾಲ ಬಾಳು.

ತಲೆ ಎತ್ತಲಾರದ
ನಿನ್ನ ತಮ್ಮ