ಬಣ್ಣ ಹಿಡೀತಾ?

ಅಪ್ಪಾ,

ಫೋನಿನಲ್ಲಿ ನೀವು ಮೊದಲು ಕೇಳಿದ್ದೇ "ಬಣ್ಣ ಹಿಡೀತಾ ಮಗಳೇ?" ಅಂತ. ಬಟ್ಟೆಗೆ ಬಣ್ಣ ಹಾಕುವ ಕೆಲಸ ಈಚೆಗೆ ಬಿಟ್ಟರೂ ನಿಮ್ಮ ಬಾಯಿಗೆ ಬರುವುದು ಅದೇ ಮಾತು. "ಚೆನ್ನಾಗಿ ಹಿಡಿದಿದೆ" ಎಂದೆ. "ಭೇಷ್! ಯಾರ ಮಗಳು!" ಎಂದು ಫೋನ್ ಇಟ್ಟೇಬಿಟ್ಟಿರಿ. ಅಮ್ಮ ಆಗಲೇ ಬೀದಿಗೆಲ್ಲ ಒಳ್ಳೆ ಸುದ್ದಿ ಎಂದು ಮುಟ್ಟಿಸಿದ್ದಾಳಂತೆ. ತಿರುಗಿ ಫೋನ್ ಮಾಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಈ ಕಾಗದ.

ಬಣ್ಣ ಹಿಡಿದರೆ ಒಳ್ಳೆಯದು ಎಂಬ ಬಟ್ಟೆಯ ಲೆಕ್ಕ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನಡೆಯುವುದಿಲ್ಲ. ನಿಮ್ಮ ಮೂತ್ರಕೋಶದಿಂದ ತೆಗೆದ ಗಡ್ಡೆಯ ಚೂರನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿದೆವು. ಒಂದು ಪ್ರೋಟೀನು ಇದ್ದ ಕಡೆ ಮಾತ್ರ ಅದು ಕಂದು ಬಣ್ಣವಾಗಿ ಕಾಣುತ್ತದೆ. ನಿಮ್ಮದು ಗಾಢ ಕಂದು. ಹಾಗಿದ್ದರೆ ಗಡ್ಡೆ ಮತ್ತೆ ಬರುವ ಸಂಭವ ಜಾಸ್ತಿ ಎನ್ನುತ್ತಾರೆ ಡಾಕ್ಟರಮ್ಮ. ಬಂದೇ ಬರುತ್ತದೆ ಎಂದಲ್ಲ, ಔಷಧಿ ಈಗಲೇ ಶುರುವಾಗಬೇಕು ಎಂದು.

ಸೋಮವಾರ ಅಮ್ಮನ ಜೊತೆ ಬನ್ನಿ. ಸಿಗರೇಟು ಅಲ್ಲೇ ಇರಲಿ. ಉಗುರಿನಲ್ಲಿ ಉಳಿದ ನೀಲಿ ಬಣ್ಣವನ್ನು ತಿಕ್ಕುತ್ತಾ ಕೂರಬೇಡಿ, ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಬೇಡದ ಬಣ್ಣ ಬಿಡಿಸುವಾಗ "ಒರಟಾಗಿ ತಿಕ್ಕಬೇಡ, ಬಟ್ಟೆ ಉಳೀಬೇಕು" ಎನ್ನುತ್ತಿದ್ದಿರಲ್ಲ? ಡಾಕ್ಟರಮ್ಮನಿಗೂ ಅದನ್ನೇ ಹೇಳಿದ್ದೇನೆ. ನಮಗೆ ಬಟ್ಟೆ ಉಳಿಯಬೇಕು.

ನಿಮ್ಮ ಕಿರಿಮಗಳು