ಒಂಬೈನೂರು ಪೌಂಡಿನ ಬೆರಳುಗಳು

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಕಾರ್ಮಿಕನ ಸಂಬಳ ಎಷ್ಟೆಂದು ನಿಮ್ಮ ಕಚೇರಿ ತಿಳಿದುಕೊಳ್ಳುವುದು ಮಾಲೀಕರು ಬರೆಸಿದ ಒಪ್ಪಂದಪತ್ರ ನೋಡಿ. ತಿಂಗಳ ಕೊನೆಗೆ ಅವನ ಕೈಗೆ ಬಂದದ್ದನ್ನು ನೀವು ಕೇಳುವುದೇ ಇಲ್ಲ. ನನ್ನ ದೂರು ಇದೇ. ಇದರಿಂದ ಏನಾದರೂ ಬದಲಾದೀತೆಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಕೈರೋ ರಸ್ತೆಯ ನಮ್ಮ ಟೈಲ್ಸ್ ಕಾರ್ಖಾನೆಯಲ್ಲಿ ವಗ್ದಿ ಹತ್ತೊಂಬತ್ತು ವರ್ಷ ಭಟ್ಟಿಯ ಮುಂದೆ ದುಡಿದವನು. ನಾನು ಅಲ್ಲೇ ಪ್ಯಾಕಿಂಗ್ ವಿಭಾಗದವಳು. ಅವನು ತಿಂಗಳಿಗೆ ಆರು ಸಾವಿರ ಪೌಂಡು ಮನೆಗೆ ಒಯ್ಯುತ್ತಿದ್ದ. ಒಪ್ಪಂದದ ನಾಲ್ಕನೆಯ ಕಲಮಿನ ಪ್ರಕಾರ ಅದರಲ್ಲಿ ಒಂಬೈನೂರು ಮಾತ್ರ ವೇತನ. ಉಳಿದದ್ದು 'ಆಡಳಿತವು ತನ್ನ ಸಂತೋಷಕ್ಕೆ, ತನಗೆ ಅನುಕೂಲವಾದ ದಿನ ನೀಡುವ ಪ್ರೋತ್ಸಾಹಧನ'. ಎಂಥ ಉದಾರ ಭಾಷೆ! ಮನೆ ಬಾಡಿಗೆಯನ್ನು ನಾವೂ ನಮ್ಮ ಸಂತೋಷಕ್ಕೆ, ನಮಗೆ ಅನುಕೂಲವಾದ ದಿನ ಕೊಡಬಹುದೇ? ರೊಟ್ಟಿ ಅಂಗಡಿಯವನು ಅಂಥ ಕಲಮಿಗೆ ಸಹಿ ಹಾಕಿಯಾನೇ?

ಕಳೆದ ರಂಜಾನಿನಲ್ಲಿ ಯಂತ್ರದ ಪಟ್ಟಿಗೆ ಸಿಕ್ಕಿ ವಗ್ದಿಯ ಬಲಗೈಯ ಮೂರು ಬೆರಳು ಹೋದವು. ಪರಿಹಾರವನ್ನು ಒಂಬೈನೂರರ ಮೇಲೆ ಲೆಕ್ಕ ಹಾಕಿದರು. ಹಬ್ಬ ಮುಗಿದ ಮೇಲೆ ನಾನೇ ಅವನನ್ನು ನಿಮ್ಮಲ್ಲಿಗೆ ಕರೆತಂದೆ. ನೀವು ಕೂರಿಸಿ, ಚಹಾ ತರಿಸಿದಿರಿ, ಅದನ್ನು ಮರೆತಿಲ್ಲ. ಆಮೇಲೆ ಒಪ್ಪಂದವನ್ನು ಅವನ ಮುಂದೆ ಹರಡಿದಿರಿ.

"ಇದು ನಿಂದೇ ಸಹಿ ತಾನೆ?"

"ಹೌದು ಸಾಹೇಬ್ರೆ."

"ಓದಿ ತಾನೆ ಹಾಕಿದ್ದು?"

"ಮೇಲಿಂದೆಲ್ಲಾ ಗುಮಾಸ್ತ ಅಂಗೈಲಿ ಮುಚ್ಕೊಂಡಿದ್ದ. ಸಹಿ ಮಾಡೋ ಜಾಗ ಅಷ್ಟೇ ತೋರಿಸ್ದ. ನನ್ನ ಹಿಂದೆ ನಲವತ್ತು ಜನ ನಿಂತಿದ್ರು. ಓದ್ತೀನಿ ಅಂದಿದ್ರೆ ಕೆಲಸ ಇರ್ತಿತ್ತಾ?"

ಸಹಿ ಇದೆಯಲ್ಲ, ನಾನೇನು ಮಾಡಲಿ ಎಂದು ನೀವು ಕೈಚೆಲ್ಲಿದಿರಿ. ಹೌದು, ನೀವೇನು ಮಾಡಬೇಕು? ಆ ಒಪ್ಪಂದದ ಒಂದು ಪ್ರತಿ ಅಷ್ಟೂ ವರ್ಷ ನಿಮ್ಮ ಕಪಾಟಿನಲ್ಲೇ ಇತ್ತು, ನಿಮ್ಮದೇ ಮೊಹರು ಹೊತ್ತುಕೊಂಡು. ವಗ್ದಿ ಓದಲಿಲ್ಲ, ಸರಿ. ನೀವು ಓದಿದ್ದಿರಾ?

ಭಟ್ಟಿಯ ಕೆಲಸ ಇನ್ನು ಅವನಿಂದಾಗದು. ಎರಡು ತಿಂಗಳ ನಂತರ ಅವನನ್ನು ಗೇಟು ಕಾಯಲು ತೆಗೆದುಕೊಂಡರು. ಹೊಸ ಕೆಲಸ, ಹೊಸ ಒಪ್ಪಂದ. ಈ ಸಲ ಅವನು ಕುರ್ಚಿ ಎಳೆದು ಕೂತು, ಒಂದೊಂದೇ ಹಾಳೆ ತಿರುವಿ, ಗಟ್ಟಿಯಾಗಿ ಓದಿದನಂತೆ. ಗುಮಾಸ್ತ ತಡೆಯಲಿಲ್ಲ. ನಾಲ್ಕನೆಯ ಕಲಮು ಇದ್ದಲ್ಲೇ ಇತ್ತು. ವೇತನ ಮಾತ್ರ ಆರುನೂರಕ್ಕೆ ಇಳಿದಿತ್ತು. ಮನೆಯಲ್ಲಿ ಮೂರು ಮಕ್ಕಳು. ಪೂರ್ತಿ ಓದಿ ಮುಗಿಸಿ, ಎಡಗೈಯಲ್ಲಿ ಸಹಿ ಹಾಕಿದ.

ಮರುದಿನ ಗೇಟಿನಲ್ಲಿ ಸಿಕ್ಕಾಗ ನನಗೆ ಹೇಳಿದ: "ಓದಬಾರ್ದಿತ್ತು ಅಕ್ಕ. ಇಷ್ಟು ದಿನ ನಂಗೆ ಮೋಸ ಆಯ್ತು ಅಂತಾದ್ರೂ ಹೇಳ್ಕೋತಿದ್ದೆ. ಇನ್ಮೇಲೆ ಅದೂ ಇಲ್ಲ."

ಮಾನ್ಯರೇ, ಕೈಗೆ ಬರುವ ಪೂರ್ತಿ ಹಣವನ್ನು ವೇತನವೆಂದು, ಕೊಡುವ ದಿನವನ್ನು ಇಂಥದೇ ತಾರೀಖೆಂದು ಬರೆಯದ ಯಾವ ಒಪ್ಪಂದಕ್ಕೂ ನಿಮ್ಮ ಮೊಹರು ಬೀಳಬಾರದು. ನನ್ನ ಬೇಡಿಕೆ ಇಷ್ಟೇ. ಅದು ನಿಮ್ಮ ಶಕ್ತಿಗೆ ಮೀರಿದ್ದಾದರೆ, ಕೊನೆಯ ಪಕ್ಷ ಒಪ್ಪಂದದ ಮೊದಲ ಸಾಲಿನಲ್ಲಿರುವ 'ಉಭಯ ಪಕ್ಷದವರೂ ಸ್ವಇಚ್ಛೆಯಿಂದ ಒಪ್ಪಿ' ಎಂಬ ಮಾತನ್ನು ಹೊಡೆದುಹಾಕಿಸಿ. ಅದಕ್ಕೆ ಯಾರಿಗೂ ಒಂದು ಪೌಂಡೂ ಖರ್ಚಾಗದು.

ಇಂತಿ,
ಬರುವ ಜನವರಿಯಲ್ಲಿ ಅವಧಿ ಮುಗಿಯುವ ಇಂಥದೇ ಒಪ್ಪಂದಕ್ಕೆ ಮತ್ತೆ ಸಹಿ ಹಾಕಲಿರುವ
ಇನ್ಶಿರಾಹ್
ಪ್ಯಾಕಿಂಗ್ ವಿಭಾಗ